ಉಪಗ್ರಹ ಚಿತ್ರಗಳಲ್ಲಿ ತಕ್ಕದ್ದನ್ನು ಆರಿಸುವ ವಿಷಯ

ಗೋಪುರ ಕಟ್ಟಬೇಕೆಂಬವನು ಮೊದಲು ಕುಳಿತು ಲೆಕ್ಕ ಹಾಕತಕ್ಕದ್ದೆಂಬ ಉಪದೇಶವನ್ನು ನಮ್ಮ ಬಾಲಿಕೆಯರು ಬಲ್ಲರು. ಉಪಗ್ರಹ ಚಿತ್ರಗಳಿಂದ ಸಂಶೋಧನೆ ಮಾಡಲಿಚ್ಛಿಸುವವರಿಗೂ ಅದು ಅನ್ವಯಿಸುವದು. ಕಾಲೇಜು ಸೇರಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೋಸ್ಕರವೂ ಅವರ ತಾಯಿತಂದೆಗಳಿಗೋಸ್ಕರವೂ ಈ ಪಾಠವನ್ನು ಬರೆದಿರುತ್ತೇವೆ.

ಮೋರಟಗಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು, ಮಳೆಯಿಲ್ಲದೆ ಬಾಡಿದ್ದ ತನ್ನ ತಂದೆಯ ಎರಡೆಕರೆ ತೊಗರಿಯ ಹೊಲವನ್ನು ಚಿತ್ರದಲ್ಲಿ ಹುಡುಕಿ, ಅಲ್ಲಿ ಹಸಿರೇ ಕಾಣುವದೆಂದು ಕಳವಳಪಟ್ಟು ನಮ್ಮ ಬಳಿಗೆ ಬಂದಳು. ಚಿತ್ರವು ಸುಳ್ಳಾಡಿರಲಿಲ್ಲ, ಆಯ್ಕೆಯು ತಪ್ಪಿತ್ತು. ಆಕೆ ತೆಗೆದುಕೊಂಡದ್ದು ದಿನವೂ ದೊರೆಯುವ ಮೋಡಿಸ್ ಚಿತ್ರ. ಅದರ ಒಂದು ಚೌಕದ ಬದಿ 250 ಮೀಟರು, ಅಂದರೆ ಕ್ಷೇತ್ರವು ಸುಮಾರು 15 ಎಕರೆ. ನೆರೆಯವರ ಕಬ್ಬಿನ ಹಸಿರಿನೊಳಗೆ ಬಾಡಿದ ತೊಗರಿಯು ಅಡಗಿಹೋಗಿತ್ತು. ಇಂಥ ಚಿತ್ರವನ್ನು ನಂಬಿ ವರದಿ ಬರೆದರೆ ಒಬ್ಬ ಒಕ್ಕಲಿಗನ ನಷ್ಟವು ನಷ್ಟವೇ ಅಲ್ಲವೆಂದಾಗುವದು.

ಆದಕಾರಣ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳತಕ್ಕದ್ದು.

ಒಂದನೆಯದು, ನೋಡಬೇಕಾದ ವಸ್ತುವು ಎಷ್ಟು ದೊಡ್ಡದು? ಲ್ಯಾಂಡ್‌ಸ್ಯಾಟ್ ಚಿತ್ರದ 30 ಮೀಟರಿನ ಚೌಕಗಳು ಎರಡೆಕರೆಯಲ್ಲಿ ಒಂಬತ್ತೇ ಹಿಡಿಯುವವು. ಅಂಚಿನವು ಪಕ್ಕದ ಹೊಲದೊಡನೆ ಬೆರೆಯುವವು. ಸೆಂಟಿನೆಲ್-2ರ 10 ಮೀಟರಿನ ಚೌಕಗಳಾದರೆ ಎಂಭತ್ತು.

ಎರಡನೆಯದು, ಎಷ್ಟು ದಿನಕ್ಕೊಮ್ಮೆ ನೋಡಬೇಕು? ಒಂದು ಲ್ಯಾಂಡ್‌ಸ್ಯಾಟ್ 16 ದಿನಕ್ಕೊಮ್ಮೆಯೂ, ಜೋಡಿ ಸೆಂಟಿನೆಲ್-2ಗಳು 5 ದಿನಕ್ಕೊಮ್ಮೆಯೂ, ನಮ್ಮ ದೇಶದ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಉಪಕರಣವು 24 ದಿನಕ್ಕೊಮ್ಮೆಯೂ ಅದೇ ನೆಲವನ್ನು ಕಾಣುವವು. ವಾರದಿಂದ ವಾರಕ್ಕೆ ಬದಲಾಗುವ ಬೆಳೆಗೆ ಈ ಅಂತರವು ಮುಖ್ಯವಾದದ್ದು.

ಮೂರನೆಯದು, ಯಾವ ಬೆಳಕು ಬೇಕು? ಆರೋಗ್ಯವಾದ ಎಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಿರುಗಿಸುವದು. ಬೆಳೆಯ ಪರೀಕ್ಷೆಗೆ ಇವೆರಡೂ ಅವಶ್ಯ. ಆದರೆ ಮೋಡವು ಇವೆರಡನ್ನೂ ತಡೆಯುವದು. 2020ನೇ ಅಕ್ಟೋಬರದಲ್ಲಿ ಭೀಮಾ ನದಿ ಉಕ್ಕಿದಂಥ ಸಮಯಕ್ಕೆ ಮೋಡವನ್ನು ಭೇದಿಸುವ ಸೆಂಟಿನೆಲ್-1 ಮುಂತಾದ ರೇಡಾರ್ ಚಿತ್ರಗಳೇ ತಕ್ಕವು. ಶಾಂತವಾದ ನೀರು ಅವುಗಳಲ್ಲಿ ಕಪ್ಪಾಗಿ ತೋರುವದು. ಆದರೂ ಉಪಗ್ರಹವು ಬರುವಷ್ಟರೊಳಗೆ ನೀರು ಇಳಿದಿದ್ದರೆ ಆ ಚಿತ್ರವೂ ಮೂಕವೇ.

ನಾಲ್ಕನೆಯದು, ಎಂದಿನಿಂದ ನೋಡಬೇಕು? ಆಲಮಟ್ಟಿಯ ಹಿನ್ನೀರು ಹರಡುವದಕ್ಕೆ ಮುಂಚಿನ ಕೃಷ್ಣಾತೀರವನ್ನು 2015ರಲ್ಲಿ ಮೇಲೇರಿದ ಸೆಂಟಿನೆಲ್-2 ತೋರಿಸಲಾರದು. 1972ರಿಂದ ಸಾಗಿಬಂದ ಲ್ಯಾಂಡ್‌ಸ್ಯಾಟ್ ಮಾಲೆಯು ತೋರಿಸೀತು. ಮೊದಲಿನ ಆ ಚಿತ್ರಗಳ ಚೌಕವು ಸುಮಾರು 80 ಮೀಟರಿನದಾದ್ದರಿಂದ, ಹೊಸ ಚಿತ್ರವನ್ನೂ ಅದೇ ಅಳತೆಗೆ ಇಳಿಸಿ ಹೋಲಿಸಬೇಕು.

ಲ್ಯಾಂಡ್‌ಸ್ಯಾಟ್, ಸೆಂಟಿನೆಲ್ ಚಿತ್ರಗಳು ಉಚಿತವಾಗಿ ದೊರೆಯುವದರಿಂದ ಬಡವರ ಮನೆಯ ಮಗಳೂ ಎದೆಗುಂದಬೇಕಾಗಿಲ್ಲ. ಆದರೆ ಉಚಿತವಾದದ್ದನ್ನು ಆರಿಸುವದಕ್ಕೂ ವಿವೇಕ ಬೇಕು.

ಆ ವಿದ್ಯಾರ್ಥಿನಿಯು ಡಿಸೆಂಬರ ತಿಂಗಳ ನಿರ್ಮಲ ದಿನದ ಸೆಂಟಿನೆಲ್ ಚಿತ್ರವನ್ನು ತೆಗೆದುಕೊಂಡು, ತಂದೆಯೊಡನೆ ಬದುವಿನ ಗುಂಟ ನಡೆದು, ಗಿಡಗಳನ್ನು ಮುಟ್ಟಿನೋಡಿ ಬರೆದುಕೊಂಡಳು. ಈ ಸಾರೆ ಬಾಡಿದ ಹೊಲವು ಬಾಡಿದ್ದಾಗಿಯೇ ಕಂಡಿತು. ನಮ್ಮ ಬಾಲಿಕೆಯರು ಆಕಾಶದಿಂದ ನೋಡುವದನ್ನು ಕಲಿಯಲಿ. ಹೊಲಕ್ಕೆ ಇಳಿದು ನಿಜವನ್ನು ಪರೀಕ್ಷಿಸುವದನ್ನು ಎಂದೂ ಮರೆಯದಿರಲಿ.