ಕೊಟ್ಟಿಗೆಯ ಫಿಯಟ್‌ಗೆ ರೇಟು ಎಷ್ಟು?

2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಹರಾಜಿನಲ್ಲಿ 1962ರ ಫೆರಾರಿ 250 ಜಿಟಿಒ ಕಾರು 4.84 ಕೋಟಿ ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಮುನ್ನೂರು ಕೋಟಿ ರೂಪಾಯಿಗೂ ಮೇಲೆ. ಆ ಸುದ್ದಿ ನಮ್ಮ ಶಿರಸಿ ಸೀಮೆಯ ವಾಟ್ಸಾಪಿನಲ್ಲಿ ಇವತ್ತಿಗೂ ಸುತ್ತುತ್ತಿದೆ. ಬಂದಾಗಲೆಲ್ಲ ಯಾರಾದರೊಬ್ಬರು ತಮ್ಮ ಮನೆಯ ಹಳೇ ಫಿಯಟ್ಟಿನದೋ ಅಂಬಾಸಡರಿನದೋ ಫೋಟೊ ಕಳಿಸಿ, "ಇದಕ್ಕೆ ಎಷ್ಟು ಬಂದೀತು?" ಎಂದು ಕೇಳುತ್ತಾರೆ. ಹಣಕಾಸಿನ ಬಗ್ಗೆ ಬರೆಯುವವನಿಗೆ ಇದೆಲ್ಲ ಗೊತ್ತಿರಲೇಬೇಕು ಎಂಬ ನಂಬಿಕೆ. ನಮ್ಮ ಮನೆಯಲ್ಲೂ 1975ರ ಪ್ರೀಮಿಯರ್ ಪದ್ಮಿನಿ ಒಂದಿದೆ ಎಂಬುದು ಇನ್ನೊಂದು ಕಾರಣ.

ಪದ್ಮಿನಿಗೂ ಫೆರಾರಿಗೂ ಏನೂ ಸಂಬಂಧವಿಲ್ಲ ಎನ್ನುವಂತಿಲ್ಲ. ಇಟಲಿಯ ಫಿಯಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿತ್ತು. 1964ರಲ್ಲಿ ಡಿಲೈಟ್ ಎಂದು ಬಂದದ್ದೇ ಮುಂದೆ ಪದ್ಮಿನಿಯಾಯಿತು. 1969ರಲ್ಲಿ ಫೆರಾರಿಯ ಅರ್ಧ ಪಾಲು ಕೊಂಡದ್ದೂ ಅದೇ ಫಿಯಟ್. ಹಾಗಾಗಿ ದೂರದ ನೆಂಟಸ್ತನವಂತೂ ಇದೆ, ಪಾಲು ಕೇಳುವಷ್ಟು ಹತ್ತಿರದ್ದಲ್ಲ ಅಷ್ಟೆ. 250 ಜಿಟಿಒ ತಯಾರಾದದ್ದು ಬರೀ 36. ಪದ್ಮಿನಿಯೋ, ಕಾಲು ಶತಮಾನ ಕಾರ್ಖಾನೆಯಿಂದ ಬರುತ್ತಲೇ ಇತ್ತು. ಮುಂಬಯಿಯಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ಓಡಿತು.

ಆದರೂ ಕೊಳ್ಳುವವರಿದ್ದಾರೆ. ಬೆಂಗಳೂರಿನ ಸಂಗ್ರಾಹಕರೊಬ್ಬರು ಸಿದ್ದಾಪುರ ಕಡೆಯ ನಮ್ಮ ಮೂಲಮನೆಗೆ ಬಂದಿದ್ದರು. ಕಾರನ್ನು ತೊಳೆದು, ಪಾಲಿಶ್ ಹಾಕಿ ಅಂಗಳದಲ್ಲಿ ನಿಲ್ಲಿಸಿದ್ದೆವು. ಹೊಳಪಿನ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕಿಸೆಯಿಂದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ತೆಗೆದು ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡು, ಡಿಕ್ಕಿಯ ಮೂಲೆ ಹೀಗೆ ಒಂದೊಂದಕ್ಕೂ ಹಿಡಿಯುತ್ತ ಬಂದರು. ತಗಡಿದ್ದಲ್ಲಿ ಅದು ಟಕ್ಕೆಂದು ಕಚ್ಚುತ್ತಿತ್ತು. ಎಡಗಡೆ ಹಿಂಬಾಗಿಲ ಕೆಳಗೆ ಕಚ್ಚಲಿಲ್ಲ, ಜಾರಿತು. ಅಲ್ಲಿ ತುಕ್ಕು ತಿಂದ ತಗಡಿನ ಜಾಗದಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆದಿದೆ ಎಂದು ಅರ್ಥ. ಆಮೇಲೆ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಎಂಜಿನ್ ನಂಬರು ಮತ್ತು ಚಾಸಿ ನಂಬರನ್ನು ಆರ್‌ಸಿಯ ಜೊತೆ ಒಂದೊಂದೇ ಅಂಕೆ ತಾಳೆ ನೋಡಿದರು. ಅಪ್ಪ ದಾರ ಕಟ್ಟಿ ಇಟ್ಟಿದ್ದ ಗ್ಯಾರೇಜ್ ಬಿಲ್ಲುಗಳ ಕಟ್ಟು ಕೈಗೆ ಬಂದಾಗಲೇ ಅವರ ಮುಖ ಅರಳಿದ್ದು. "ಬಣ್ಣಕ್ಕೆ ನಾನು ದುಡ್ಡು ಕೊಡೋದಿಲ್ಲ ಸಾರ್, ಈ ಕಾಗದಕ್ಕೆ ಕೊಡ್ತೇನೆ" ಎಂದರು. ಎರಡೂವರೆ ಲಕ್ಷ ಹೇಳಿ, ಚಹಾ ಕುಡಿದು ಹೋದರು.

ಅವರು ಗೇಟು ದಾಟುವುದೇ ತಡ, ಚಿಕ್ಕಪ್ಪ ಕವಳ ಹಾಕಿಕೊಳ್ಳುತ್ತ, "ಈಗ ಕೊಡಡ ತಮಾ, ಇನ್ನೈದು ವರ್ಷ ಬಿಟ್ರೆ ಡಬಲ್ ಆಗ್ತು" ಎಂದರು.

ಚಿಕ್ಕಪ್ಪನ ಮಾತನ್ನೇ ನಂಬಿ ಲೆಕ್ಕ ಹಾಕೋಣ. ಐದು ವರ್ಷಕ್ಕೆ ಐದು ಲಕ್ಷ ಆಗಿಯೇಬಿಟ್ಟಿತು ಅನ್ನಿ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಅಲ್ಲಿಗೆ ವರ್ಷಕ್ಕೆ 2,000 ಆಯಿತು. ಪದ್ಮಿನಿಯದು 1089 ಸಿಸಿ ಎಂಜಿನ್, ಆ ವರ್ಗಕ್ಕೆ 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ವಿಮೆ 3,416, ಜಿಎಸ್‌ಟಿ ಸೇರಿ ನಾಲ್ಕು ಸಾವಿರ ಚಿಲ್ಲರೆ. ಇನ್ನು ರಿಪೇರಿ. ಮಲೆನಾಡಿನ ಮಳೆಗಾಲದಲ್ಲಿ ಕಾರು ಸುಮ್ಮನೆ ನಿಂತರೂ ಖರ್ಚು ನಿಲ್ಲುವುದಿಲ್ಲ. ತಾಡಪತ್ರಿ ಹೊದೆಸಿದರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ, ಹೊದೆಸದಿದ್ದರೆ ಇಲಿ ವೈರು ಕಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಅದು ನೀರು ಹೀರುತ್ತದೆ, ಹಳೇ ಕಾರ್ಬ್ಯುರೇಟರಿನ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಬ್ಯಾಟರಿ, ಟೈರು, ಬ್ರೇಕು, ಟಿಂಕರಿಂಗ್ ಎಲ್ಲ ಸೇರಿ ನಮಗೆ ವರ್ಷಕ್ಕೆ ಸರಾಸರಿ 20,000 ಬೀಳುತ್ತದೆ. ಒಟ್ಟು 26,000, ಐದು ವರ್ಷಕ್ಕೆ 1.30 ಲಕ್ಷ.

ಅದೇ ಎರಡೂವರೆ ಲಕ್ಷವನ್ನು ಇವತ್ತೇ ತೆಗೆದುಕೊಂಡು ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಶೇ 7ರ ಠೇವಣಿ ಇಟ್ಟರೆ ಐದು ವರ್ಷಕ್ಕೆ ಮೂರೂವರೆ ಲಕ್ಷ. ಉಳಿದ ಖರ್ಚು 1.30 ಲಕ್ಷ ಕೂಡಿಸಿ, 4.80 ಲಕ್ಷ ಆಯಿತು. ಅಂದರೆ ಕಾರಿನ ಬೆಲೆ ಡಬಲ್ ಆದರೂ ಚಿಕ್ಕಪ್ಪನಿಗೆ ಸಿಗುವ ಲಾಭ 20,000 ರೂಪಾಯಿ. ಠೇವಣಿಯ ಬಡ್ಡಿಗೆ ತೆರಿಗೆ ಇದೆ, ಸ್ವಂತ ಬಳಕೆಯ ಕಾರು ಮಾರಿದ ಲಾಭಕ್ಕೆ ಇಲ್ಲ. ಆದಾಯ ತೆರಿಗೆ ಕಾನೂನಿನಲ್ಲಿ ಅದು ಬಂಡವಾಳ ಆಸ್ತಿಯೇ ಅಲ್ಲ. ಅಷ್ಟು ಅನುಕೂಲವನ್ನೂ ಚಿಕ್ಕಪ್ಪನ ಕಡೆಗೇ ಹಾಕೋಣ. ಡಬಲ್ ಆಗದಿದ್ದರೆ?

ರೇಟು ಬರಲಿ ಎಂದು ಚಾಲಿ ಅಡಿಕೆಯನ್ನು ಅಟ್ಟದಲ್ಲಿ ಇಟ್ಟು ಕೂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಚಾಲಿಗಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಟೆಂಡರ್ ಇದೆ, ದರ ಪತ್ರಿಕೆಯಲ್ಲಿ ಬರುತ್ತದೆ, ಬೇಕಾದ ದಿನ ಮೂಟೆ ಹೊರಡಿಸಬಹುದು. ಹಳೇ ಕಾರಿಗೆ ಗಿರಾಕಿಯೊಬ್ಬ ಸಿಗಬೇಕು, ಅವನಿಗೆ ಆ ಹೊತ್ತಿಗೆ ಮನಸ್ಸೂ ಇರಬೇಕು.

"ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿ" ಎಂಬ ಸಲಹೆಯೂ ಧಾರಾಳವಾಗಿ ಬರುತ್ತದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಅದು ಸಾಧ್ಯ. ಶುಲ್ಕ 20,000, ಅವಧಿ ಹತ್ತು ವರ್ಷ, ಥರ್ಡ್ ಪಾರ್ಟಿ ವಿಮೆಯಲ್ಲಿ ಅರ್ಧ ರಿಯಾಯಿತಿ. ಆದರೆ ಆಮೇಲೆ ಆ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಶಿರಸಿ ಪೇಟೆಗೆ, ಮಾರಿಕಾಂಬಾ ಜಾತ್ರೆಗೆ, ಮದುವೆಮನೆಗೆ ಎಂದು ಒಯ್ಯುವವರಿಗೆ ಅದು ಬೇಡ. ನಾವು ಮಾಮೂಲಿ ಆರ್‌ಸಿಯನ್ನೇ ಉಳಿಸಿಕೊಂಡಿದ್ದೇವೆ. ಕಾರನ್ನೂ ಮಾರಿಲ್ಲ. 26,000ವನ್ನು ಹೂಡಿಕೆಯ ಪುಟದಿಂದ ತೆಗೆದು ಮನೆಖರ್ಚಿನ ಪುಟಕ್ಕೆ, ಹಬ್ಬ ಮತ್ತು ಪ್ರವಾಸದ ಸಾಲಿಗೆ ಬರೆದುಕೊಂಡೆ. ಅಲ್ಲಿ ಅದಕ್ಕೆ ಯಾರ ತಕರಾರೂ ಇಲ್ಲ.

ಮಾರುವವರು ಒಂದನ್ನು ಮರೆಯಬಾರದು. ಕಾರು ಕೊಟ್ಟು ದುಡ್ಡು ಎಣಿಸಿಕೊಂಡ ಮೇಲೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಇದ್ದರೆ, ಅಪಘಾತದ ಪರಿಹಾರಕ್ಕೆ ನೀವೇ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಇನ್ನು ಮಾಲೀಕ ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 ಕೊಡಬೇಕು. ನಮ್ಮ ಕಡೆ ಜಮೀನಿನ ಪಹಣಿ ಬದಲಾಗುತ್ತದೆ, ಕಾರಿನದು ಯಾರಿಗೂ ನೆನಪಾಗುವುದಿಲ್ಲ. ಯಲ್ಲಾಪುರದ ಪರಿಚಿತರೊಬ್ಬರ ಮನೆಯಲ್ಲಿ ನಮ್ಮದಕ್ಕಿಂತ ಚೆನ್ನಾಗಿರುವ ಅಂಬಾಸಡರ್ ಇದೆ, ಅಯಸ್ಕಾಂತ ಎಲ್ಲಿಟ್ಟರೂ ಕಚ್ಚುತ್ತದೆ. ಆರ್‌ಸಿ ಇರುವುದು ತೀರಿಕೊಂಡ ಅಜ್ಜನ ಹೆಸರಿನಲ್ಲಿ. ದೊಡ್ಡಪ್ಪ, ಚಿಕ್ಕಪ್ಪಂದಿರ ಸಹಿ ಆಗಿದೆ, ಅಮೆರಿಕದಲ್ಲಿರುವ ಅತ್ತೆಯ ಒಪ್ಪಿಗೆಪತ್ರ ಬರಬೇಕು. ಮುಂಗಡ ಕೊಡಲು ಬಂದಿದ್ದ ಗಿರಾಕಿ ಈಗ ಹುಬ್ಬಳ್ಳಿಯಲ್ಲಿ ಬೇರೆ ಕಾರು ನೋಡುತ್ತಿದ್ದಾರಂತೆ.