ತಾತ್ಕಾಲಿಕ ಸೇವೆ ಪಿಂಚಣಿಗೆ ಪರಿಗಣಿತವಾಗುವುದೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

1. ಪಾಠದ ಉದ್ದೇಶ

ತಾತ್ಕಾಲಿಕ ನೆಲೆಯಲ್ಲಿ ಹಲವು ವರ್ಷ ದುಡಿದ ನೌಕರರು ಅರವತ್ತರ ಅಂಚಿಗೆ ಬಂದಾಗ, ತಮ್ಮ ಸೇವೆ ಪಿಂಚಣಿಗೆ ಲೆಕ್ಕವಾಗುವುದೇ ಎಂದು ಗ್ರಾಮ ಪಂಚಾಯತಿಯನ್ನು ಕೇಳುತ್ತಾರೆ. ಆಗ ಸುಲಭವಾಗಿ ಭರವಸೆ ನೀಡುವುದೂ ಸರಿಯಲ್ಲ, ಅರ್ಜಿಯನ್ನು ಪರಿಶೀಲಿಸದೆ ಹಿಂದಿರುಗಿಸುವುದೂ ಸರಿಯಲ್ಲ. ಉತ್ತರವು ನೇಮಕಾತಿಯ ಬಗೆ, ಸೇವೆಯ ನಿರಂತರತೆ ಹಾಗೂ ವಂತಿಗೆಯ ಪಾವತಿ ಎಂಬ ಮೂರು ಅಂಶಗಳನ್ನು ಅವಲಂಬಿಸಿರುತ್ತದೆ. ಈ ಮೂರಕ್ಕೂ ಆಧಾರ ದಾಖಲೆಯೇ ಆಗಿದೆ.

2. ಮೂಲ ತತ್ತ್ವ

ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳ ಪ್ರಕಾರ, ತಾತ್ಕಾಲಿಕ ಸೇವೆಯು ನಡುವೆ ಕಡಿದುಹೋಗದೆ ಖಾಯಂ ನೇಮಕಾತಿಯಲ್ಲಿ ಮುಂದುವರಿದರೆ ಮಾತ್ರ ಅದು ಅರ್ಹತಾದಾಯಕ ಸೇವೆಯಾಗುತ್ತಿತ್ತು. ತಾತ್ಕಾಲಿಕ ಸೇವೆ ತಾನಾಗಿಯೇ ಪಿಂಚಣಿಯ ಹಕ್ಕನ್ನು ಕೊಡುವುದಿಲ್ಲ; ಖಾಯಂ ಸೇವೆಗೆ ಸೇರಿಕೊಂಡಾಗ ಅದಕ್ಕೆ ಬೆಲೆ ಬರುತ್ತದೆ.

ಕಾನೂನು ಕ್ಷೇತ್ರದ ಹುದ್ದೆಗಳಲ್ಲಿ ಈ ತತ್ತ್ವ ಸ್ಪಷ್ಟವಾಗಿ ಕಾಣುತ್ತದೆ. ನೇರ ನೇಮಕಾತಿ ಹೊಂದಿದ ಸಹಾಯಕ ಸರ್ಕಾರಿ ಅಭಿಯೋಜಕರು ಸರ್ಕಾರಿ ನೌಕರರು. ಸರ್ಕಾರದ ಪರ ವಾದಿಸಲು ನಿಗದಿತ ಅವಧಿಗೆ ನೇಮಕಗೊಳ್ಳುವ ಜಿಲ್ಲಾ ಸರ್ಕಾರಿ ವಕೀಲರು ಆ ಅವಧಿ ಮುಗಿದ ನಂತರ ತಮ್ಮ ವಕೀಲಿ ವೃತ್ತಿಗೆ ಮರಳುತ್ತಾರೆ. ನ್ಯಾಯಾಲಯದಲ್ಲಿ ಇಬ್ಬರ ಕೆಲಸ ಒಂದೇ ಬಗೆಯದೆಂದು ತೋರಿದರೂ ನೇಮಕಾತಿಯ ಬಗೆ ಬೇರೆ.

ಇವೆರಡರ ನಡುವಿನ ಪ್ರಕರಣವೂ ಉಂಟು. ಹನ್ನೊಂದನೇ ಹಣಕಾಸು ಆಯೋಗದ ಅನುದಾನದಿಂದ ದೇಶದಲ್ಲಿ 1,734 ತ್ವರಿತಗತಿ ನ್ಯಾಯಾಲಯಗಳು ಮಂಜೂರಾದವು. ಅವುಗಳಲ್ಲಿ ತಾತ್ಕಾಲಿಕವಾಗಿ ದುಡಿದು ಮುಂದೆ ಖಾಯಂ ಸೇವೆಗೆ ಸೇರಿದ ಜಾರ್ಖಂಡ್ ರಾಜ್ಯದ ನ್ಯಾಯಾಧೀಶರ ಹಿಂದಿನ ಸೇವೆಯನ್ನು ಪಿಂಚಣಿಗೆ ಪರಿಗಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ತಾತ್ಕಾಲಿಕ ಸೇವೆಯ ನಂತರ ಖಾಯಂ ಸೇವೆ ದೊರೆತದ್ದೇ ಇಲ್ಲಿಯೂ ನಿರ್ಣಾಯಕವಾಯಿತು.

3. ಕರ್ನಾಟಕದ ಎರಡು ತೀರ್ಪುಗಳು

ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 10-4-2006ರಂದು ತೀರ್ಪು ನೀಡಿತು. ಎಷ್ಟೇ ವರ್ಷ ದುಡಿದರೂ ದಿನಗೂಲಿ ನೌಕರರಿಗೆ ಖಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲ ಎಂಬುದು ಅದರ ಸಾರ. ಆದರೆ ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಮಧ್ಯಂತರ ಆದೇಶದ ನೆರವಿಲ್ಲದೆ, 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸಲು ಅವಕಾಶ ನೀಡಲಾಯಿತು.

ಎರಡನೆಯದು ಗದಗ ಜಿಲ್ಲಾ ಪಂಚಾಯತಿಯ ದಿನಗೂಲಿ ನೌಕರರ ಪ್ರಕರಣ. ಅರ್ಹರೆಲ್ಲರನ್ನೂ ಪರಿಗಣಿಸುವವರೆಗೆ ಆ ಒಂದು ಬಾರಿಯ ಕ್ರಮ ಮುಗಿದಂತಾಗದು ಎಂದು ಸರ್ವೋಚ್ಚ ನ್ಯಾಯಾಲಯವು 3-8-2010ರಂದು ಸ್ಪಷ್ಟಪಡಿಸಿತು.

4. ಈ ನಾಲ್ಕು ತಾಲ್ಲೂಕುಗಳ ವಿಶೇಷ ಸ್ಥಿತಿ

10-4-2006ಕ್ಕೆ 10 ವರ್ಷ ತುಂಬಬೇಕಾದರೆ ನೌಕರರು 10-4-1996ರೊಳಗೆ ಸೇವೆಗೆ ಸೇರಿರಬೇಕು. ದಾವಣಗೆರೆ ಜಿಲ್ಲೆ ರಚನೆಯಾದದ್ದು ಆಗಸ್ಟ್ 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. 1993ರ ಪಂಚಾಯತ್ ರಾಜ್ ಅಧಿನಿಯಮಕ್ಕೆ ಮುನ್ನ ಇದ್ದದ್ದು ಮಂಡಲ ಪಂಚಾಯತಿಗಳು.

ಆದ್ದರಿಂದ ಈ ತಾಲ್ಲೂಕುಗಳಲ್ಲಿ ಹೀಗೆ 10 ವರ್ಷ ಪೂರೈಸಿದ ಪ್ರತಿಯೊಬ್ಬರ ಸೇವೆಯೂ ಹಿಂದಿನ ಜಿಲ್ಲೆಯ ಆಡಳಿತದಲ್ಲಿಯೇ ಆರಂಭವಾಗಿದೆ. ಉದಾಹರಣೆಗೆ, 1995ರಲ್ಲಿ 25ನೇ ವಯಸ್ಸಿಗೆ ನ್ಯಾಮತಿ ಭಾಗದ ಗ್ರಾಮವೊಂದರಲ್ಲಿ ನೀರುಗಂಟಿಯಾಗಿ ಸೇರಿದವರಿಗೆ 2030ರಲ್ಲಿ 60 ವರ್ಷ ತುಂಬುತ್ತದೆ. ಅವರ ಮೊದಲ ಆದೇಶ ಶಿವಮೊಗ್ಗದ ಕಡತದಲ್ಲಿಯೂ, ವೇತನ ಪಟ್ಟಿ ಹೊನ್ನಾಳಿಯಲ್ಲಿಯೂ ಇರಬಹುದು. ಮೊದಲ ಎರಡು ವರ್ಷಗಳ ದಾಖಲೆ ದೊರೆಯದಿದ್ದರೆ ಉಳಿದ ವರ್ಷಗಳ ದುಡಿಮೆ ಅರ್ಹತೆಯ ಗೆರೆಯನ್ನು ಮುಟ್ಟುವುದಿಲ್ಲ.

5. ವಂತಿಗೆ ಆಧಾರಿತ ಪಿಂಚಣಿ

ದಿನಾಂಕ 1-4-2006 ಅಥವಾ ತದನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ಯೋಜನೆ ಅನ್ವಯಿಸುತ್ತದೆ. ಇದರಲ್ಲಿ ಪಿಂಚಣಿಯು ಖಾತೆಯಲ್ಲಿ ಕೂಡಿದ ಹಣವನ್ನು ಅವಲಂಬಿಸಿರುವುದರಿಂದ, ವಂತಿಗೆ ಇಲ್ಲದ ಹಳೆಯ ವರ್ಷಗಳು ಪಿಂಚಣಿಯ ಮೊತ್ತವನ್ನು ಹೆಚ್ಚಿಸುವುದಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಈಗಿನ ಪಿಂಚಣಿ ವ್ಯವಸ್ಥೆಯಲ್ಲಿಯೂ, 1988ರ ನಂತರ ವಂತಿಗೆ ಕಡಿತವಾಗದೆ ಸಲ್ಲಿಸಿದ ತಾತ್ಕಾಲಿಕ ಸೇವೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ.

ಹೊರಗುತ್ತಿಗೆ ಸಂಸ್ಥೆಯ ಮೂಲಕ ದುಡಿಯುವವರಿಗೆ ಭವಿಷ್ಯ ನಿಧಿಯೊಂದಿಗೆ 1995ರ ನೌಕರರ ಪಿಂಚಣಿ ಯೋಜನೆಯು ಅನ್ವಯವಾಗುತ್ತದೆ. ಪಿಂಚಣಿಗೆ ಅರ್ಹವಾದ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮಾಸಿಕ ಪಿಂಚಣಿ ದೊರೆಯುತ್ತದೆ. ವೇತನ ರೂ. 14,000 ಹಾಗೂ ಸೇವೆ 10 ವರ್ಷವಾದರೆ ಪಿಂಚಣಿ ರೂ. 2,000. ಸೇವೆ 9 ವರ್ಷವಷ್ಟೇ ಇದ್ದರೆ ಮಾಸಿಕ ಪಿಂಚಣಿಯೇ ಇಲ್ಲ. ಒಂದು ಬಾರಿಯ ಹಿಂಪಡೆತ ಮಾತ್ರ. ಸಂಸ್ಥೆಯು ಒಂದು ವರ್ಷದ ವಂತಿಗೆ ಕಟ್ಟದೆ ಬಿಟ್ಟರೂ ನೌಕರರು ವೃದ್ಧಾಪ್ಯದ ಆಸರೆಯನ್ನೇ ಕಳೆದುಕೊಳ್ಳಬಹುದು.

6. ಗ್ರಾಮ ಪಂಚಾಯತಿಯು ಕೈಗೊಳ್ಳತಕ್ಕ ಕ್ರಮಗಳು

ಅ) ಪ್ರತಿಯೊಬ್ಬ ತಾತ್ಕಾಲಿಕ ನೌಕರರ ನೇಮಕಾತಿ ಆದೇಶ, ಸಭಾ ನಿರ್ಣಯದ ಸಂಖ್ಯೆ ಮತ್ತು ದಿನಾಂಕ, ಅನುಮೋದನಾ ಪತ್ರ, ಹಾಜರಾತಿ ಹಾಗೂ ವೇತನ ವಿವರಗಳನ್ನು ಒಂದೇ ಕಡತದಲ್ಲಿ ಇರಿಸತಕ್ಕದ್ದು.

ಆ) 1997ಕ್ಕೂ ಹಿಂದಿನ ದಾಖಲೆಗಳಿಗಾಗಿ ಶಿವಮೊಗ್ಗ ಅಥವಾ ಚಿತ್ರದುರ್ಗಕ್ಕೆ ತಾಲ್ಲೂಕು ಪಂಚಾಯತಿಯ ಮೂಲಕ ಪತ್ರ ಬರೆಯತಕ್ಕದ್ದು. ನೌಕರರು 60 ವರ್ಷ ತುಂಬುವವರೆಗೆ ಕಾಯಬಾರದು.

ಇ) ಹೊರಗುತ್ತಿಗೆ ಸಂಸ್ಥೆಯ ಬಿಲ್ಲು ಪಾವತಿಸುವ ಮೊದಲು ಹಿಂದಿನ ತಿಂಗಳ ಭವಿಷ್ಯ ನಿಧಿಯ ಚಲನ್ ಹಾಗೂ ಅದರಲ್ಲಿನ ನೌಕರರ ಹೆಸರುಗಳನ್ನು ಪರಿಶೀಲಿಸತಕ್ಕದ್ದು.

ಈ) ಸಕ್ಷಮ ಪ್ರಾಧಿಕಾರದ ಅನುಮೋದನೆಯಿಲ್ಲದೆ, ಮುಂದೆ ಖಾಯಂ ಆಗುವುದೆಂಬ ಭರವಸೆಯ ಮೇಲೆ ಯಾರನ್ನೂ ನೇಮಿಸಬಾರದು. ಅಂತಹ ನೇಮಕಾತಿಯ ನಷ್ಟವನ್ನು ಕೊನೆಗೆ ಹೊರುವವರು ಆ ನೌಕರರೇ.

7. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ನಮ್ಮ ಗ್ರಾಮ ಪಂಚಾಯತಿಯಲ್ಲಿ ಮುಂದಿನ ಐದು ವರ್ಷಗಳಲ್ಲಿ 60 ವರ್ಷ ತುಂಬುವವರು ಯಾರು? ಅವರಲ್ಲಿ ಎಷ್ಟು ಮಂದಿಯ ಮೊದಲ ನೇಮಕಾತಿ ಆದೇಶ ಕಚೇರಿಯಲ್ಲಿ ಲಭ್ಯವಿದೆ? ಹೊರಗುತ್ತಿಗೆ ನೌಕರರ ವಂತಿಗೆ ಯಾವ ತಿಂಗಳವರೆಗೆ ಜಮೆಯಾಗಿದೆ? ಈ ಮೂರು ಉತ್ತರಗಳನ್ನು ಮುಂದಿನ ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು ಸೂಕ್ತ.