ಎಲ್ಲರಿಗೂ ತಿಳಿಸಿದ್ದು, ಒಬ್ಬರಿಗೆ ಹೇಳಿದ್ದು

ಮನೆಯ ಮಾತನ್ನು ಮೊಬೈಲ್ ಫೋನಿನ ಮೂಲಕ ಊರಿಗೆಲ್ಲಾ ತಿಳಿಸುವ ಪದ್ಧತಿಯು ಈಗ ನಮ್ಮ ಹಳ್ಳಿಗಳಲ್ಲಿಯೂ ನೆಲೆಗೊಂಡಿರುತ್ತದೆ. ಇದರಿಂದ ಹತ್ತಿರದವರ ಅನ್ಯೋನ್ಯತೆಯು ಹೆಚ್ಚುವದೋ ಕಡಿಮೆಯಾಗುವದೋ ಎಂಬದನ್ನು ಈ ತಿಂಗಳ ಪಾಠದಲ್ಲಿ ವಿಚಾರಿಸೋಣ.

ಮೊದಲು ಒಂದು ದೃಷ್ಟಾಂತ. ಹೆಬ್ಬಳ್ಳಿಯಲ್ಲಿ ಒಂದು ಮನೆ ಉಂಟೆಂದು ಎಣಿಸಿರಿ. ಗಂಡನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿಯು ಅತ್ತೆಮಾವಂದಿರ ಸಂಗಡ ಊರಲ್ಲಿದ್ದಾಳೆ. ಒಂದು ದಿನ ಅವನ ಕೆಲಸವು ಹೋಗುತ್ತದೆ. ಮನಸ್ಸಿನ ಭಾರವನ್ನು ತಾಳಲಾರದೆ ಅವನು ಆ ರಾತ್ರಿಯೇ ಸಂಗತಿಯನ್ನೆಲ್ಲಾ ಬರೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುತ್ತಾನೆ. ಮರುದಿನ ಬೆಳಿಗ್ಗೆ ನಳದ ಹತ್ತಿರ ನೆರೆಮನೆಯವಳು, "ಏನವ್ವಾ, ನಿಮ್ಮ ಮನೆಯವರ ಕೆಲಸ ಹೋಯಿತಂತೆ, ಹೌದೇನು?" ಎಂದು ಕೇಳಿದಾಗಲೇ ಹೆಂಡತಿಗೆ ಅದು ಗೊತ್ತಾಗುತ್ತದೆ. ಅವಳು ಫೋನು ಮಾಡಿ ಅಳಲು, ಅವನು ಆಶ್ಚರ್ಯಪಟ್ಟು, "ನಾನು ಏನನ್ನೂ ಮುಚ್ಚಿಡಲಿಲ್ಲ; ಎಲ್ಲರಿಗೂ ತಿಳಿಸಿದೆನಲ್ಲಾ" ಅನ್ನುತ್ತಾನೆ. ಅದಕ್ಕೆ ಅವಳು, "ಎಲ್ಲರಿಗೂ ತಿಳಿಸಿದಿರಿ, ನನಗೆ ಹೇಳಲಿಲ್ಲ" ಅನ್ನುತ್ತಾಳೆ. ನಾವು ಕಲಿಯತಕ್ಕದ್ದು ಈ ಉತ್ತರದಲ್ಲಿಯೇ ಅಡಗಿರುತ್ತದೆ.

೧. ಮನಸ್ಸನ್ನು ಬಿಚ್ಚಿ ಹೇಳುವದರ ಫಲ.

ಆಲ್ಟ್‌ಮನ್, ಟೇಲರ್ ಎಂಬ ಅಮೇರಿಕದ ಇಬ್ಬರು ಪಂಡಿತರು ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪರಿಚಯವು ಸ್ನೇಹವಾಗಿ ಬೆಳೆಯುವ ಕ್ರಮವನ್ನು ವಿವರಿಸಿದ್ದಾರೆ. ಮನುಷ್ಯನ ಅಂತರಂಗವು ಉಳ್ಳಾಗಡ್ಡಿಯ ಹಾಗೆ ಪದರಪದರವಾಗಿದೆ. ಹೊರಗಿನ ಪದರವನ್ನು ಎಲ್ಲರೂ ಕಾಣಬಹುದು. ಒಳಗಿನದನ್ನು ನಂಬಿಗಸ್ತರಿಗೆ ಮಾತ್ರ, ಅದೂ ಮೆಲ್ಲಮೆಲ್ಲನೆ ತೋರಿಸುತ್ತೇವೆ. ಒಬ್ಬನು ಒಂದು ಪದರವನ್ನು ತೆರೆದರೆ ಮತ್ತೊಬ್ಬನೂ ತೆರೆಯುತ್ತಾನೆ. ಹೀಗೆ ಕೊಟ್ಟು ತಕ್ಕೊಳ್ಳುವದರಿಂದಲೇ ಸಂಬಂಧವು ಬಲಗೊಳ್ಳುತ್ತದೆ.

೨. ಎಲ್ಲರ ಮುಂದೆ ತೆರೆದಿಟ್ಟರೆ ಆಗುವದೇನು?

ಹಾಗಾದರೆ ಹೆಚ್ಚು ಜನರಿಗೆ ಹೇಳಿದಷ್ಟೂ ಅನ್ಯೋನ್ಯತೆಯು ಹೆಚ್ಚಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಅಮೇರಿಕದ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಓಮ್ರಿ ಗಿಲ್ಲಾತ್ ಎಂಬವರೂ ಅವರ ಜೊತೆಗಾರರೂ ೨೦೧೯ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಇದಕ್ಕೆ ವಿರುದ್ಧವಾದದ್ದು ಕಂಡುಬಂತು. ಹೇಗಂದರೆ, ಸ್ವಂತ ಸಂಗತಿಗಳನ್ನು ಅಂತರ್ಜಾಲದಲ್ಲಿ ಬಹಳವಾಗಿ ಹೊರಗಿಡುವ ಕಡೆಯಲ್ಲಿ ಜೋಡಿಗಳ ಸಾಮೀಪ್ಯವೂ ತೃಪ್ತಿಯೂ ಕಡಿಮೆಯಾಗಿದ್ದವು. ಬರೀ ಸ್ನೇಹಿತರೊಳಗೆ ಅಂಥಾ ನಷ್ಟವು ಕಾಣಲಿಲ್ಲ. ಜೊತೆಗಾರನನ್ನೂ ಸೇರಿಸಿಕೊಂಡು ಪ್ರಕಟಿಸಿದಾಗ ಕೆಡಕು ತಗ್ಗಿತು.

ಇದರ ಕಾರಣವನ್ನು ನಮ್ಮ ದೃಷ್ಟಾಂತದಿಂದಲೇ ತಿಳಿಯಬಹುದು. ಸ್ನೇಹಿತರು ಅನೇಕರಿರಬಹುದೆಂಬದು ಎಲ್ಲರಿಗೂ ಗೊತ್ತಿದೆ. ಆದರೆ ತನ್ನ ಗಂಡನ ದುಃಖದಲ್ಲಿ ತನಗೆ ಮೊದಲಿನ ಪಾಲು ಉಂಟೆಂದು ಹೆಂಡತಿಯು ನಂಬಿರುತ್ತಾಳೆ. ಆ ಪಾಲನ್ನು ಮುನ್ನೂರು ಜನರಿಗೆ ಸಮನಾಗಿ ಹಂಚಿದರೆ ಅವಳೂ ಆ ಮುನ್ನೂರರಲ್ಲಿ ಒಬ್ಬಳಾದಳು.

೩. ಪರರ ಮಾತನ್ನು ಹೊರಗಿಡುವದು.

ಇನ್ನೊಂದು ಸಂಗತಿಯನ್ನೂ ಯೋಚಿಸತಕ್ಕದ್ದು. ಸೊಸೆಯು ಬಸುರಾದದ್ದನ್ನು, ಮಗನು ಪರೀಕ್ಷೆಯಲ್ಲಿ ನಪಾಸಾದದ್ದನ್ನು, ಮುದುಕರ ರೋಗವನ್ನು ಅವರ ಒಪ್ಪಿಗೆಯಿಲ್ಲದೆ ಗ್ರೂಪಿನಲ್ಲಿ ಹಾಕುವವರುಂಟು. ಸ್ಟೇಟಸ್ಸು ೨೪ ತಾಸುಗಳಲ್ಲಿ ಅಳಿದುಹೋಗುವದು ನಿಜವೇ. ಆದರೆ ನೋಡಿದವನು ಅದರ ಚಿತ್ರವನ್ನು ತೆಗೆದಿಟ್ಟುಕೊಂಡರೆ ಅದು ಉಳಿಯುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಭತ್ತು ಮಂದಿ ನ್ಯಾಯಾಧೀಶರು ೨೦೧೭ನೇ ಆಗಸ್ಟ್ ೨೪ರಂದು ಏಕಮತದಿಂದ ತೀರ್ಪುಕೊಟ್ಟು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಮನೆ, ಮದುವೆ, ಕುಟುಂಬದ ಜೀವನ ಇವು ಆ ಹಕ್ಕಿನೊಳಗೆ ಸೇರಿವೆ. ಸರಕಾರವೇ ನೋಡಬಾರದೆಂದು ಕಾಯ್ದಿಟ್ಟ ಬಾಗಿಲನ್ನು ನಾವೇ ಒಳಗಿನಿಂದ ತೆರೆದು, ಮಲಗಿದವರನ್ನು ಬೀದಿಗೆ ತೋರಿಸುವದು ಸರಿಯೇ?

೪. ನಾವು ಮಾಡತಕ್ಕದ್ದು.

ಫೋನನ್ನೇ ದೂರಮಾಡಬೇಕೆಂಬದು ಈ ಪಾಠದ ಅಭಿಪ್ರಾಯವಲ್ಲ. ಪುಣೆಯಲ್ಲಿಯೂ ದುಬೈಯಲ್ಲಿಯೂ ಇರುವ ಬಂಧುಗಳಿಗೆ ಮದುವೆಯ ಕರೆಯೂ ಸಾವಿನ ಸುದ್ದಿಯೂ ಅದೇ ದಿನ ಮುಟ್ಟುವದು ದೊಡ್ಡ ಉಪಕಾರವಾಗಿದೆ. ಆದರೂ ಮೂರು ನಿಯಮಗಳನ್ನು ಕೈಕೊಳ್ಳೋಣ. ಮೊದಲನೆಯದು, ಸುಖವಾಗಲಿ ದುಃಖವಾಗಲಿ ಅದು ಯಾರಿಗೆ ಹೆಚ್ಚಾಗಿ ಸೇರಿದ್ದೋ ಅವರಿಗೆ ಮೊದಲು ಬಾಯಿಮಾತಿನಿಂದ ಹೇಳುವದು. ಎರಡನೆಯದು, ಇಬ್ಬರ ಸಂಗತಿಯನ್ನು ಇಬ್ಬರೂ ಒಪ್ಪಿದ ಮೇಲೆ ಹೊರಗಿಡುವದು. ಮೂರನೆಯದು, ಕೋಪದಲ್ಲಿರುವಾಗ ಏನನ್ನೂ ಬರೆಯದೆ ಒಂದು ರಾತ್ರಿ ತಾಳುವದು.

ಆ ಗಂಡನು ಬರೆಯುವದಕ್ಕೆ ಮುಂಚೆ ಹೆಂಡತಿಗೆ ಫೋನು ಮಾಡಿದ್ದರೆ, ಹೋದ ಕೆಲಸವು ತಿರಿಗಿ ಬರುತ್ತಿರಲಿಲ್ಲ. ಆದರೆ ನಳದ ಹತ್ತಿರ ನೆರೆಯವಳು ಕೇಳಿದಾಗ ಅವಳು, "ಹೌದವ್ವಾ, ರಾತ್ರಿಯೇ ನನಗೆ ಹೇಳಿದರು" ಎಂದು ತಲೆಯೆತ್ತಿ ಉತ್ತರ ಕೊಡುತ್ತಿದ್ದಳು.

ಪ್ರಶ್ನೆಗಳು.

೧. ತಿಳಿಸುವದಕ್ಕೂ ಹೇಳುವದಕ್ಕೂ ಇರುವ ಭೇದವೇನು?
೨. ಸ್ನೇಹಿತರಿಗೆ ಆಗದ ನೋವು ಹೆಂಡತಿಗೆ ಯಾಕೆ ಆಗುತ್ತದೆ?
೩. ಕಳೆದ ವಾರ ನೀವು ಹೊರಗಿಟ್ಟ ಸಂಗತಿಗಳಲ್ಲಿ ಪರರಿಗೆ ಸೇರಿದ್ದು ಯಾವದಾದರೂ ಉಂಟೋ? ಅವರನ್ನು ಕೇಳಿದ್ದಿರೋ?